ಮೂರನೇ ಕ್ರಮಾಂಕದ ಖಾಲಿ ಜಾಗ: ದ್ರಾವಿಡ್ ಆಡಿದ 31,258 ಎಸೆತಗಳು ಹೇಳುವುದೇನು?

2024ರ ಅಕ್ಟೋಬರ್ 17ರ ಬೆಳಿಗ್ಗೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಮೇಲೆ ಮೋಡ ಕವಿದಿತ್ತು. ನ್ಯೂಜಿಲೆಂಡ್ ವಿರುದ್ಧದ ಟೆಸ್ಟ್‌ನ ಮೊದಲ ದಿನ ಪೂರ್ತಿ ಮಳೆಗೆ ಹೋಗಿತ್ತು. ಅಂಥ ಬೆಳಿಗ್ಗೆ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆಯ್ದುಕೊಂಡಿತು. 31.2 ಓವರ್‌ಗಳಲ್ಲಿ ಎಲ್ಲ ಮುಗಿಯಿತು. ಮೊತ್ತ 46. ಐವರು ಸೊನ್ನೆಗೆ ಔಟ್. ತವರು ನೆಲದಲ್ಲಿ ಭಾರತ ಗಳಿಸಿದ ಅತಿ ಕಡಿಮೆ ಮೊತ್ತ ಅದು. ಕುತ್ತಿಗೆ ನೋವಿನಿಂದ ಶುಭಮನ್ ಗಿಲ್ ಹೊರಗುಳಿದಿದ್ದರು. ಅವರ ಬದಲಿಗೆ ಮೂರನೇ ಕ್ರಮಾಂಕಕ್ಕೆ, ಅಂದರೆ ಮೊದಲ ವಿಕೆಟ್ ಬಿದ್ದೊಡನೆ ಇಳಿಯುವ ಜಾಗಕ್ಕೆ, ಬಂದ ವಿರಾಟ್ ಕೊಹ್ಲಿಯವರೂ ಆ ಐವರಲ್ಲಿ ಒಬ್ಬರು.

ಆ ದಿನ ಸ್ಕೋರ್‌ಕಾರ್ಡ್ ನೋಡುತ್ತಾ ಅದೇ ಮೈದಾನದ ಇನ್ನೆರಡು ದಿನಗಳು ನೆನಪಾದವು. 2010ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 207 ರನ್ ಬೆನ್ನಟ್ಟುವಾಗ, ರಾಹುಲ್ ದ್ರಾವಿಡ್ ಜಾಗದಲ್ಲಿ ಮೂರನೆಯವನಾಗಿ ಒಬ್ಬ ಹೊಸ ಹುಡುಗ ಮೆಟ್ಟಿಲಿಳಿದು ಬಂದ. ಚೇತೇಶ್ವರ ಪೂಜಾರಗೆ ಅದು ಮೊದಲ ಟೆಸ್ಟ್. 72 ರನ್ ಹೊಡೆದು ಗೆಲುವಿನ ದಾರಿ ಸಲೀಸು ಮಾಡಿದ. ಆಮೇಲೆ ಐದನೆಯವರಾಗಿ ಬಂದ ದ್ರಾವಿಡ್, ತೆಂಡೂಲ್ಕರ್ ಜೊತೆ ನಿಂತು ಪಂದ್ಯ ಮುಗಿಸಿದರು. ಇನ್ನೊಂದು ದಿನ 2012ರ ಮಾರ್ಚ್ 9. ಇದೇ ಚಿನ್ನಸ್ವಾಮಿಯಲ್ಲಿ ಕುಳಿತು ದ್ರಾವಿಡ್ ವಿದಾಯ ಹೇಳಿದರು. ಐದೇ ತಿಂಗಳಲ್ಲಿ ಹೈದರಾಬಾದ್‌ನಲ್ಲಿ ಪೂಜಾರ ಮೂರನೆಯವರಾಗಿ ಆಡಿ 159 ಹೊಡೆದಾಗ, ಜಾಗ ಖಾಲಿಯಾಗಿತ್ತು ಎನ್ನುವುದೇ ನಮಗೆ ಮರೆತುಹೋಯಿತು.

ಈಗ ಅದನ್ನು ಮರೆಯುವಂತಿಲ್ಲ. 2023ರ ಜೂನ್‌ನಲ್ಲಿ ಓವಲ್‌ನಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್ ಪೂಜಾರರ ಕೊನೆಯ ಟೆಸ್ಟ್ ಆಯಿತು. ಅಲ್ಲಿಂದ 2025ರ ನವೆಂಬರ್‌ನ ಗುವಾಹಟಿ ಟೆಸ್ಟ್‌ವರೆಗೆ ಆ ಜಾಗದಲ್ಲಿ ಆಡಿದವರನ್ನು ಎಣಿಸಿ. ಗಿಲ್, ಬೆಂಗಳೂರಿನಲ್ಲಿ ಕೊಹ್ಲಿ, ಪರ್ತ್‌ನಲ್ಲಿ ದೇವದತ್ತ ಪಡಿಕ್ಕಲ್, ಮೆಲ್ಬರ್ನ್‌ನಲ್ಲಿ ಕೆ.ಎಲ್. ರಾಹುಲ್, ಇಂಗ್ಲೆಂಡ್‌ನಲ್ಲಿ ಸಾಯಿ ಸುದರ್ಶನ್ ಮತ್ತು ಕರುಣ್ ನಾಯರ್, ಕೋಲ್ಕತ್ತದಲ್ಲಿ ವಾಷಿಂಗ್ಟನ್ ಸುಂದರ್. ಎರಡೂವರೆ ವರ್ಷದೊಳಗೆ ಏಳು ಜನ. ಹದಿನೈದು ವರ್ಷ ಒಬ್ಬರೇ, ನಂತರ ಹತ್ತು ವರ್ಷ ಬಹುಪಾಲು ಇನ್ನೊಬ್ಬರೇ ಹೊತ್ತಿದ್ದ ಕೆಲಸ ಇದು.

ಇದೇ ಅವಧಿಯಲ್ಲಿ ಭಾರತ ತವರಿನಲ್ಲಿ ನ್ಯೂಜಿಲೆಂಡ್‌ಗೆ 3-0 ಅಂತರದಲ್ಲಿ, ದಕ್ಷಿಣ ಆಫ್ರಿಕಾಗೆ 2-0 ಅಂತರದಲ್ಲಿ ಸೋತಿತು. 2012ರ ನಂತರ ಸತತ 18 ಸರಣಿಗಳನ್ನು ತವರಿನಲ್ಲಿ ಗೆದ್ದಿದ್ದ ತಂಡ ಇದು. ಎರಡೂ ಸೋಲನ್ನು ಒಂದು ಕ್ರಮಾಂಕದ ತಲೆಗೆ ಕಟ್ಟುವುದು ತಪ್ಪು. ಪಿಚ್, ಆಯ್ಕೆ, ಎದುರಾಳಿ ಸ್ಪಿನ್ನರ್‌ಗಳ ಶ್ರೇಷ್ಠತೆ ಎಲ್ಲವೂ ಇದ್ದವು. ಆದರೆ ಆ ಜಾಗ ಯಾಕೆ ತುಂಬುತ್ತಿಲ್ಲ ಎಂದು ತಿಳಿಯಬೇಕಾದರೆ, ಅದನ್ನು ಅತ್ಯಂತ ಚೆನ್ನಾಗಿ ತುಂಬಿದ್ದ ಮನುಷ್ಯ ಅಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ಸರಿಯಾಗಿ ನೋಡಬೇಕು. ನಾವು ಅದನ್ನು ಸರಿಯಾಗಿ ನೋಡಿಲ್ಲ ಎಂಬುದು ನನ್ನ ದೂರು.

ದ್ರಾವಿಡ್ ಎಂದರೆ ‘ಗೋಡೆ’ ಎಂದುಬಿಟ್ಟೆವು. ಪ್ರೀತಿಯಿಂದಲೇ ಕೊಟ್ಟ ಹೆಸರು. ಆದರೆ ಗೋಡೆ ಸುಮ್ಮನೆ ನಿಂತಿರುತ್ತದೆ. ಚೆಂಡು ಬಂದು ಬಡಿದು ಹಿಂದಕ್ಕೆ ಹೋಗುತ್ತದೆ. ಆ ಹೆಸರು ಅವರ ಕಸುಬಿನ ಅರ್ಧವನ್ನೇ ಮರೆಮಾಡಿತು. 164 ಟೆಸ್ಟ್, 13,288 ರನ್, 36 ಶತಕ, ಸರಾಸರಿ 52.31 ಎಂಬ ಅಂಕಿಗಳು ಎಲ್ಲರಿಗೂ ಬಾಯಿಪಾಠ. ನನಗೆ ಅವುಗಳಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಅಂಕಿ: ಟೆಸ್ಟ್‌ನಲ್ಲಿ ಅವರು ಎದುರಿಸಿದ ಎಸೆತಗಳು 31,258. ಟೆಸ್ಟ್ ಇತಿಹಾಸದಲ್ಲಿ ಇನ್ಯಾರೂ ಇಷ್ಟು ಎಸೆತ ಆಡಿಲ್ಲ. ಅವರಿಗಿಂತ ಹೆಚ್ಚು ಪಂದ್ಯ ಆಡಿದ, ಹೆಚ್ಚು ರನ್ ಗಳಿಸಿದ ತೆಂಡೂಲ್ಕರ್ ಕೂಡ.

286 ಇನಿಂಗ್ಸ್‌ಗಳಿಗೆ ಇದನ್ನು ಹಂಚಿದರೆ ಇನಿಂಗ್ಸ್ ಒಂದಕ್ಕೆ 109 ಎಸೆತ, ಅಂದರೆ ಹದಿನೆಂಟು ಓವರ್. ಎದುರು ತುದಿಯವರು ಅಷ್ಟೇ ಎಸೆತ ಆಡಿದರೆಂದುಕೊಳ್ಳಿ. ದ್ರಾವಿಡ್ ಕ್ರೀಸಿಗೆ ಬಂದು ಹೋಗುವಷ್ಟರಲ್ಲಿ ಪಂದ್ಯ ಮೂವತ್ತಾರು ಓವರ್ ಮುಂದೆ ಸಾಗಿರುತ್ತಿತ್ತು. ಸರಾಸರಿ ಎಂಬುದು ಎಲ್ಲವನ್ನೂ ಹೇಳುವುದಿಲ್ಲ, ಬೇಗ ಔಟಾದ ದಿನಗಳೂ ಇದರಲ್ಲಿ ಬೆರೆತಿವೆ, ನಿಜ. ಆದರೂ ಈ ಮೂವತ್ತಾರು ಓವರ್‌ಗೆ ಒಂದು ಅರ್ಥವಿದೆ. ಹೊಸ ಚೆಂಡಿನ ಹೊಳಪು ಮಾಸಿ, ಸೀಮ್ ಮೆತ್ತಗಾಗಿ, ಮುಖ್ಯ ವೇಗಿಗಳು ಎರಡನೇ ಸ್ಪೆಲ್ ಮುಗಿಸಿ ಬೌಂಡರಿ ಗೆರೆಯ ಬಳಿ ನಿಂತು ನೀರು ಕುಡಿಯುವ ಹೊತ್ತು ಅದು. ನಾಲ್ಕನೇ, ಐದನೇ ಕ್ರಮಾಂಕದಲ್ಲಿ ತೆಂಡೂಲ್ಕರ್, ಗಂಗೂಲಿ, ಲಕ್ಷ್ಮಣ್‌ರಂಥವರು ಕಾದು ಕುಳಿತಿದ್ದರೆ ಈ ಮೂವತ್ತಾರು ಓವರ್‌ಗೆ ಬೆಲೆ ಕಟ್ಟಲಾಗದು. ಮೂರನೇ ಕ್ರಮಾಂಕದ ಕೆಲಸ ಎಂದರೆ ಇದೇ. ಆರಂಭಿಕರಿಬ್ಬರೂ ನೂರು ರನ್ ಸೇರಿಸಿದರೆ ಮುಂದುವರಿಸಬೇಕು. ಎರಡನೇ ಓವರ್‌ನಲ್ಲೇ ಒಬ್ಬರು ಹೋದರೆ ತಾನೇ ಆರಂಭಿಕನಾಗಬೇಕು. ಯಾವಾಗ ಪ್ಯಾಡ್ ಕಟ್ಟಿ ಇಳಿಯಬೇಕಾದೀತೆಂದು ಗೊತ್ತಿಲ್ಲದವನ ಕೆಲಸ.

ಇದಕ್ಕೆ 2002ರ ಆಗಸ್ಟ್‌ನಲ್ಲಿ ಇಂಗ್ಲೆಂಡ್‌ನ ಹೆಡಿಂಗ್ಲಿ ಮೈದಾನದಲ್ಲಿ ನಡೆದ ಟೆಸ್ಟ್‌ಗಿಂತ ಒಳ್ಳೆಯ ಪಾಠ ಇಲ್ಲ. ಮೋಡ, ತೇವ, ಚೆಂಡು ಎರಡೂ ಕಡೆ ಹೊರಳುವ ಲೀಡ್ಸ್‌ನಲ್ಲಿ ಗಂಗೂಲಿ ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡರು, ಅದೂ ಇಬ್ಬರು ಸ್ಪಿನ್ನರ್‌ಗಳನ್ನು ತಂಡದಲ್ಲಿಟ್ಟುಕೊಂಡು. ಸೆಹ್ವಾಗ್ 8ಕ್ಕೆ ಹೋದರು. ಆಮೇಲೆ ದ್ರಾವಿಡ್ ಮತ್ತು ಸಂಜಯ್ ಬಂಗಾರ್ 170 ರನ್ ಸೇರಿಸಿದರು. ಆ ಜೊತೆಯಾಟವನ್ನು ಮತ್ತೆ ನೋಡಿದಾಗಲೆಲ್ಲ ನಾನು ಗಮನಿಸುವುದು ಬಿಟ್ಟ ಚೆಂಡುಗಳನ್ನು. ಆಫ್‌ಸ್ಟಂಪ್ ಎಲ್ಲಿದೆ ಎಂಬುದು ಮೈಗೇ ಗೊತ್ತಿರುವ ಹಾಗೆ ಬ್ಯಾಟು ಎತ್ತಿ ಬಿಡುವುದು. ಬಿಡಲಾಗದ ಚೆಂಡನ್ನು ಕಣ್ಣ ಕೆಳಗೆ ಬರುವವರೆಗೂ ಕಾದು ಆಡುವುದು. ಹಿಡಿತ ಸಡಿಲವಾಗಿರುವುದರಿಂದ ಅಂಚಿಗೆ ತಾಗಿದ ಚೆಂಡೂ ಸ್ಲಿಪ್‌ಗಿಂತ ಮೊದಲೇ ನೆಲಕ್ಕೆ ಬೀಳುವುದು. ಬಿಟ್ಟ ಚೆಂಡಿನಿಂದ ರನ್ ಬರುವುದಿಲ್ಲ. ಆದರೆ ಪದೇ ಪದೇ ಬಿಟ್ಟರೆ ಬೌಲರ್ ತಾನಾಗಿಯೇ ಸ್ಟಂಪ್ ಕಡೆಗೆ, ಪ್ಯಾಡ್ ಕಡೆಗೆ ಬರುತ್ತಾನೆ. ಅಲ್ಲಿ ಮಿಡ್‌ವಿಕೆಟ್‌ಗೆ ತಿರುಗಿಸಿ ರನ್ ತೆಗೆಯುವುದು ದ್ರಾವಿಡ್‌ಗೆ ನೀರು ಕುಡಿದಷ್ಟು ಸುಲಭ. ಅಂದರೆ ಬಿಡುವುದೂ ಅವರ ಪಾಲಿಗೆ ಒಂದು ದಾಳಿಯೇ. ಬೌಲರ್ ಎಲ್ಲಿಗೆ ಚೆಂಡು ಹಾಕಬೇಕೆಂಬುದನ್ನು ಬ್ಯಾಟು ಆಡಿಸದೆಯೇ ಅವರು ತೀರ್ಮಾನಿಸುತ್ತಿದ್ದರು.

ದ್ರಾವಿಡ್ 148 ಹೊಡೆದರು. ಮರುದಿನ ಸಂಜೆ ಬೆಳಕು ಇಳಿಯುತ್ತಿರುವಾಗ ತೆಂಡೂಲ್ಕರ್ ಮತ್ತು ಗಂಗೂಲಿ ದಣಿದ ಬೌಲಿಂಗನ್ನು ಮನಸೋಇಚ್ಛೆ ಚಚ್ಚಿದರು. ಒಬ್ಬರದು 193, ಇನ್ನೊಬ್ಬರದು 128. ಮೊತ್ತ 628, ಗೆಲುವು ಇನಿಂಗ್ಸ್ ಮತ್ತು 46 ರನ್‌ಗಳಿಂದ. ಟಿವಿಯವರು ಆ ಸಂಜೆಯ ಸಿಕ್ಸರ್‌ಗಳನ್ನು ತೋರಿಸುತ್ತಾರೆ. ಅವುಗಳ ಬೆಲೆಯನ್ನು ಹಿಂದಿನ ದಿನ ಬೆಳಿಗ್ಗೆಯೇ ಬೇರೆಯವರು ಕೊಟ್ಟು ಮುಗಿಸಿದ್ದರು.

ಹೀಗೇ ಪಟ್ಟಿ ಬೆಳೆಯುತ್ತದೆ. 2003ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾದ 556ಕ್ಕೆ ಉತ್ತರವಾಗಿ ಭಾರತ 85ಕ್ಕೆ 4. ಅಲ್ಲಿಂದ ಲಕ್ಷ್ಮಣ್ ಜೊತೆ 303 ರನ್. ದ್ರಾವಿಡ್‌ರ 233, ಎರಡನೇ ಇನಿಂಗ್ಸ್‌ನಲ್ಲಿ ಔಟಾಗದೆ 72. ಆ ಟೆಸ್ಟ್‌ನಲ್ಲಿ ಅವರು ಕ್ರೀಸಿನಲ್ಲಿದ್ದದ್ದು 835 ನಿಮಿಷ, ಹತ್ತಿರ ಹತ್ತಿರ ಹದಿನಾಲ್ಕು ತಾಸು. 2004ರ ಏಪ್ರಿಲ್‌ನಲ್ಲಿ ರಾವಲ್ಪಿಂಡಿಯಲ್ಲಿ ಸೆಹ್ವಾಗ್ ಸೊನ್ನೆಗೆ ಔಟಾದ ಮೇಲೆ ಬಂದು 495 ಎಸೆತಗಳಲ್ಲಿ 270. ಪಾಕಿಸ್ತಾನದ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಸರಣಿ ಗೆಲುವು. ನನ್ನನ್ನು ಕೇಳಿದರೆ ಇವೆರಡಕ್ಕಿಂತ ಮೇಲೆ ಇಡುವುದು 2006ರ ಕಿಂಗ್‌ಸ್ಟನ್ ಟೆಸ್ಟನ್ನು. ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಗಂಟಲಿಗೆ ಬರುತ್ತಿದ್ದ ಪಿಚ್. ಭಾರತದ ಎರಡೂ ಇನಿಂಗ್ಸ್ ಸೇರಿ 371 ರನ್. ಅದರಲ್ಲಿ ನಾಯಕ ದ್ರಾವಿಡ್‌ರ 81 ಮತ್ತು 68. ವೆಸ್ಟ್ ಇಂಡೀಸ್‌ನಲ್ಲಿ 35 ವರ್ಷಗಳ ನಂತರ ಸರಣಿ ಗೆದ್ದದ್ದು ಶತಕವೇ ಇಲ್ಲದ ಆ ಎರಡು ಆಟಗಳಿಂದ.

ಇಲ್ಲಿ ಒಂದು ಮಾತು ಸೇರಿಸಬೇಕು. ‘ತಾಳಿದವನು ಬಾಳಿಯಾನು’ ಎಂಬ ಗಾದೆ ದ್ರಾವಿಡ್‌ರ ಆಟಕ್ಕೆ ಪೂರ್ತಿ ಒಗ್ಗುವುದಿಲ್ಲ. ತಾಳ್ಮೆ ಒಂದೇ ಇದ್ದರೆ ಟೆಸ್ಟ್ ಗೆಲ್ಲಲಾಗದು. 2008ರ ಜನವರಿಯಲ್ಲಿ ಸಿಡ್ನಿಯಲ್ಲಿ 18ರಿಂದ 19ಕ್ಕೆ ಹೋಗಲು ಅವರು 40 ಎಸೆತ ತೆಗೆದುಕೊಂಡರು. ಆ ಒಂದು ರನ್ ಬಂದಾಗ ಮೈದಾನವೆಲ್ಲ ಚಪ್ಪಾಳೆ. ಆದರೆ ಅದನ್ನು ಅವರ ಅತ್ಯುತ್ತಮ ಆಟಗಳ ಸಾಲಿನಲ್ಲಿ ಯಾರೂ ಇಡುವುದಿಲ್ಲ. ಚೆನ್ನಾಗಿ ಆಡಿದ ದಿನಗಳಲ್ಲಿ ದ್ರಾವಿಡ್‌ರ ಸ್ಕೋರು ನಿಂತಲ್ಲೇ ನಿಲ್ಲುತ್ತಿರಲಿಲ್ಲ, ನಿಧಾನವಾಗಿ ನಡೆಯುತ್ತಿತ್ತು. ಕಟ್, ಪುಲ್, ಕವರ್ ಡ್ರೈವ್ ಎಲ್ಲವೂ ಅವರ ಬಳಿ ಇದ್ದವು. ಅದಕ್ಕಿಂತ ಮುಖ್ಯವಾಗಿ ಎದುರು ತುದಿಯಲ್ಲಿ ಯಾರೋ ಒಬ್ಬರು ಹೊಡೆಯುತ್ತಿದ್ದರು. ಟೆಸ್ಟ್‌ನಲ್ಲಿ ದ್ರಾವಿಡ್ ಪಾಲ್ಗೊಂಡ ಶತಕದ ಜೊತೆಯಾಟಗಳು 88, ಅದೂ ದಾಖಲೆಯೇ. 2001ರ ಕೋಲ್ಕತ್ತದಲ್ಲಿ ಲಕ್ಷ್ಮಣ್ 281 ಹೊಡೆಯುವಾಗ ಎದುರಿಗೆ 180 ರನ್ ಹೊಡೆದವರು ಇವರೇ. ಮೊದಲ ಇನಿಂಗ್ಸ್‌ನಲ್ಲಿ ಬಹಳ ಹಿಂದೆ ಬಿದ್ದು ಫಾಲೋ ಆನ್ ಆಗಿ, ಕೂಡಲೇ ಮತ್ತೆ ಬ್ಯಾಟಿಂಗ್‌ಗೆ ಇಳಿಯಬೇಕಾಗಿದ್ದ ತಂಡಕ್ಕೆ 376 ರನ್ ಸೇರಿಸಿ, ನಾಲ್ಕನೇ ದಿನ ಇಡೀ ಒಂದೂ ವಿಕೆಟ್ ಬೀಳಲು ಬಿಡದ ಜೋಡಿ. ಒಬ್ಬರ ಎಸೆತಗಳು ಇನ್ನೊಬ್ಬರ ರನ್ನುಗಳಾಗುವುದು ಹೀಗೆ.

ಪೂಜಾರ ಈ ಲೆಕ್ಕವನ್ನೇ ಮುಂದುವರಿಸಿದರು. 2017ರಲ್ಲಿ ರಾಂಚಿಯಲ್ಲಿ 525 ಎಸೆತ ಆಡಿ, ರಾವಲ್ಪಿಂಡಿಯ ದ್ರಾವಿಡ್‌ರನ್ನೇ ಹಿಂದಿಕ್ಕಿದರು. 2018-19ರಲ್ಲಿ ಆಸ್ಟ್ರೇಲಿಯಾದಲ್ಲಿ ನಾಲ್ಕು ಟೆಸ್ಟ್‌ಗಳಲ್ಲಿ 1,258 ಎಸೆತ, ಮೂರು ಶತಕ, 521 ರನ್. ಅಲ್ಲಿ ಭಾರತದ ಮೊದಲ ಸರಣಿ ಗೆಲುವು. ಎರಡು ವರ್ಷದ ನಂತರ ಬ್ರಿಸ್ಬೇನ್‌ನ ಕೊನೆಯ ದಿನ ಮೈಮೇಲೆ, ಹೆಲ್ಮೆಟ್ ಮೇಲೆ, ಬೆರಳ ಮೇಲೆ ಚೆಂಡು ತಿನ್ನುತ್ತಾ 211 ಎಸೆತಗಳಲ್ಲಿ 56. ರಿಷಭ್ ಪಂತ್ ಗೆಲುವಿನ ಬೌಂಡರಿ ಹೊಡೆದ ಚಿತ್ರ ಎಲ್ಲರ ಕಣ್ಣಲ್ಲಿದೆ. ಆ ಬೌಲರ್‌ಗಳ ಕಾಲು ಅಷ್ಟು ಭಾರವಾಗಿದ್ದದ್ದಕ್ಕೆ ಕಾರಣ ಆಗಲೇ ಪೆವಿಲಿಯನ್‌ನಲ್ಲಿ ಕುಳಿತಿತ್ತು.

ಹಾಗಾದರೆ ಮೂರನೆಯವರೊಬ್ಬರು ಯಾಕೆ ಸಿಗುತ್ತಿಲ್ಲ? ಐಪಿಎಲ್ ಹಾಳುಮಾಡಿತು ಎನ್ನುವುದು ಸುಲಭದ ಉತ್ತರ. ಅದರಲ್ಲಿ ಸತ್ಯ ಇಲ್ಲ ಎನ್ನಲಾರೆ, ಆದರೆ ಅದಕ್ಕಿಂತ ಮೊದಲು ಪಿಚ್‌ಗಳ ಕಡೆ ನೋಡಬೇಕು. ಐದು ದಿನ ನಡೆಯುವ ಪಂದ್ಯದಲ್ಲಿ ಮೂವತ್ತಾರು ಓವರ್ ಎಂಬುದು ಬಂಡವಾಳ. ಮೂರು ದಿನಕ್ಕೆ ಮುಗಿಯುವ ಪಂದ್ಯದಲ್ಲಿ ಅದೇ ಓವರ್‌ಗಳು ಗಂಡಾಂತರ. ಮೊದಲ ದಿನವೇ ಚೆಂಡು ತಿರುಗುವ, ಒಂದು ನೆಟ್ಟಗೆ ಬಂದು ಇನ್ನೊಂದು ಹೊರಳುವ ಪಿಚ್‌ನಲ್ಲಿ ಚೆಂಡು ಹಳೆಯದಾದಷ್ಟೂ ಬ್ಯಾಟ್ಸ್‌ಮನ್‌ಗೆ ಸುಖ ಎಂಬ ನಿಯಮವೇ ನಿಲ್ಲುವುದಿಲ್ಲ. ಅಲ್ಲಿ ನೂರು ಎಸೆತ ಆಡಿ 25 ರನ್ ಗಳಿಸಿದವನಿಗಿಂತ ನಲವತ್ತು ಎಸೆತದಲ್ಲಿ 35 ಹೊಡೆದವನೇ ಉಪಕಾರಿ. 2021ರ ಫೆಬ್ರುವರಿಯಲ್ಲಿ ಅಹಮದಾಬಾದ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಎರಡೇ ದಿನಕ್ಕೆ ಮುಗಿಯಿತು. ಗೆದ್ದೆವು ಎಂದು ಸಂಭ್ರಮಿಸಿದೆವು. ಅಂಥ ಪಿಚ್‌ಗಳು ಎದುರಾಳಿಯ ಜೊತೆಗೆ ನಮ್ಮ ಮೂರನೇ ಕ್ರಮಾಂಕದ ವಿದ್ಯೆಯನ್ನೂ ತಿಂದುಹಾಕುತ್ತಿದ್ದವು. 2025ರ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ 124 ರನ್ ಬೆನ್ನಟ್ಟಿ ಭಾರತ 93ಕ್ಕೆ ಕುಸಿದದ್ದು ಅಂಥದ್ದೇ ಪಿಚ್‌ನಲ್ಲಿ.

ಪಿಚ್ ಹಾಗಾದ ಮೇಲೆ ಆಟದ ರೀತಿಯೂ ಬದಲಾಯಿತು. 2024ರಲ್ಲಿ ಕಾನ್ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಎರಡು ದಿನಕ್ಕೂ ಹೆಚ್ಚು ಕಾಲ ಮಳೆಗೆ ಹೋದ ಟೆಸ್ಟನ್ನು ಭಾರತ 34.4 ಓವರ್‌ಗಳಲ್ಲಿ 285 ಹೊಡೆದು ಗೆದ್ದುಕೊಂಡಿತು. ಅದ್ಭುತ ಗೆಲುವು, ಅನುಮಾನವಿಲ್ಲ. ಅದು ಮುಗಿದದ್ದು ಅಕ್ಟೋಬರ್ 1ಕ್ಕೆ. ಹದಿನಾರು ದಿನಗಳ ನಂತರ ಬೆಂಗಳೂರಿನಲ್ಲಿ ಅದೇ ತಂಡಕ್ಕೆ ಬೇಕಾಗಿದ್ದದ್ದು ಬೇರೆಯೇ ಆಟ. ಒಂದು ಬೆಳಿಗ್ಗೆಯ ಮಟ್ಟಿಗೆ ಮೂವತ್ತು ಓವರ್ ಬಿಟ್ಟುಬಿಟ್ಟು ನಿಲ್ಲುವವನು. ಎರಡೂ ಬಗೆಯ ಆಟ ತಂಡದಲ್ಲಿ ಇರಬೇಕು. ಒಂದೇ ಉಳಿದರೆ ಆ ಬೆಳಿಗ್ಗೆ ಬಂದಾಗ 46 ಆಗುತ್ತದೆ.

ಇನ್ನು ಐಪಿಎಲ್ ಮಾತಿಗೆ ಬರೋಣ. ದ್ರಾವಿಡ್ 1991ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ವಿರುದ್ಧ ಕರ್ನಾಟಕದ ಪರ ಮೊದಲ ರಣಜಿ ಆಡಿ 82 ಹೊಡೆದರು. ಲಾರ್ಡ್ಸ್‌ನಲ್ಲಿ ಟೆಸ್ಟ್ ಕ್ಯಾಪ್ ಸಿಕ್ಕಿದ್ದು 1996ರ ಜೂನ್ 20ರಂದು ಆರಂಭವಾದ ಪಂದ್ಯದಲ್ಲಿ. ನಡುವೆ ಐದು ವರ್ಷಕ್ಕೂ ಹೆಚ್ಚು ಕಾಲ ಬೇರೆ ಬೇರೆ ಊರುಗಳ ಪಿಚ್‌ಗಳಲ್ಲಿ ದಿನಗಟ್ಟಲೆ ಬ್ಯಾಟಿಂಗ್. ಇವತ್ತು ರಣಜಿ ಋತುವನ್ನೇ ಎರಡು ತುಂಡು ಮಾಡಿ, ನಡುವೆ ಬಿಳಿ ಚೆಂಡಿನ ಟೂರ್ನಿಗಳನ್ನು ಇಟ್ಟಿದ್ದಾರೆ. ಉದ್ದ ಇನಿಂಗ್ಸ್ ಆಡುವ ಅಭ್ಯಾಸ ಕೈಗೆ ಹತ್ತುವ ಹೊತ್ತಿಗೆ ಹುಡುಗರು ಮೊದಲ ಎಸೆತವನ್ನೇ ಎತ್ತಿ ಹೊಡೆಯುವ ಆಟಕ್ಕೆ ಹೋಗಬೇಕು. ಸಾಯಿ ಸುದರ್ಶನ್ 2025ರ ಐಪಿಎಲ್‌ನಲ್ಲಿ 759 ರನ್ ಹೊಡೆದು, ಟೂರ್ನಿಯಲ್ಲಿ ಅತಿ ಹೆಚ್ಚು ರನ್ ಗಳಿಸಿದವರಿಗೆ ಸಿಗುವ ಆರೆಂಜ್ ಕ್ಯಾಪ್ ಗೆದ್ದರು. ಕೆಲವೇ ವಾರಗಳಲ್ಲಿ ಲೀಡ್ಸ್‌ನಲ್ಲಿ ಟೆಸ್ಟ್ ತಂಡದ ಮೂರನೆಯವರಾದರು. ಅದೂ ಜೂನ್ 20ರಂದೇ. ಕೊಹ್ಲಿ ಕೂಡ 2011ರಲ್ಲಿ ಅದೇ ತಾರೀಖಿಗೆ ಟೆಸ್ಟ್‌ಗೆ ಕಾಲಿಟ್ಟವರು. ತಾರೀಖು ಕೂಡಿಬಂತು, ತಯಾರಿಯ ವರ್ಷಗಳು ಕೂಡಿಬರಲಿಲ್ಲ.

ಪೂಜಾರರನ್ನು ಕೈಬಿಟ್ಟದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ಆಗ ಅವರಿಗೆ 35 ವರ್ಷ, ರನ್ ಕಡಿಮೆಯಾಗಿದ್ದವು. ಆಗ ಮುಖ್ಯ ಕೋಚ್ ಆಗಿದ್ದವರು ದ್ರಾವಿಡ್ಡೇ ಎಂಬುದನ್ನೂ ಮರೆಯಬಾರದು. ಆದರೆ 2010ರಲ್ಲಿ ದ್ರಾವಿಡ್ ಇರುವಾಗಲೇ ಅವರ ಜಾಗಕ್ಕೆ ಒಬ್ಬ ಹುಡುಗನನ್ನು ಇಳಿಸಿ ನೋಡಿದ್ದರಲ್ಲ, ಆ ಜಾಣತನ 2023ರ ಮೊದಲು ಕಾಣಲಿಲ್ಲ. ಗಿಲ್ ಆರಂಭಿಕ ಜಾಗ ಬಿಟ್ಟು ಮೂರಕ್ಕೆ ಬಂದರು. ಕೊಹ್ಲಿ 2025ರ ಮೇ 12ರಂದು ಟೆಸ್ಟ್‌ಗೆ ವಿದಾಯ ಹೇಳಿದಾಗ ನಾಯಕನಾಗಿ ನಾಲ್ಕಕ್ಕೆ ಹೋದರು. ಇಂಗ್ಲೆಂಡ್‌ನಲ್ಲಿ ಅಲ್ಲಿಂದಲೇ 754 ರನ್ ಹೊಡೆದರು, ಸರಣಿ 2-2. ನಾಲ್ಕು ತುಂಬಿತು, ಮೂರು ಮತ್ತೆ ಖಾಲಿ.

ಅಲ್ಲಿಂದಾಚೆಗೆ ನಡೆದದ್ದು ನನಗೆ ನಿಜಕ್ಕೂ ನೋವು ಕೊಡುತ್ತದೆ. ಸುದರ್ಶನ್ ಲೀಡ್ಸ್‌ನಲ್ಲಿ 0 ಮತ್ತು 30. ಮುಂದಿನ ಟೆಸ್ಟ್‌ಗೆ ಹೊರಗೆ. ಕರುಣ್ ಮೂರಕ್ಕೆ ಬಂದರು, ಎರಡು ಟೆಸ್ಟ್ ಆಡಿದರು. ಮ್ಯಾಂಚೆಸ್ಟರ್‌ನಲ್ಲಿ ಮತ್ತೆ ಸುದರ್ಶನ್, 61. ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ 87. ಮುಂದಿನ ಟೆಸ್ಟ್ ಕೋಲ್ಕತ್ತದಲ್ಲಿ. ಮತ್ತೆ ಹೊರಗೆ, ಆಲ್‌ರೌಂಡರ್ ವಾಷಿಂಗ್ಟನ್ ಮೂರಕ್ಕೆ. ಗುವಾಹಟಿಯಲ್ಲಿ ಪುನಃ ಒಳಗೆ. ಪಡಿಕ್ಕಲ್ ಪರ್ತ್‌ನಲ್ಲಿ 23 ಎಸೆತ ಆಡಿ ಸೊನ್ನೆಗೆ ಔಟಾದರು, ಎರಡನೇ ಇನಿಂಗ್ಸ್‌ನಲ್ಲಿ 71 ಎಸೆತ ತಡೆದು 25 ಮಾಡಿದರು. ಮುಂದಿನ ಟೆಸ್ಟ್‌ಗೆ ಗಿಲ್ ಮರಳಿದರು, ಪಡಿಕ್ಕಲ್‌ಗೆ ಜಾಗ ಇರಲಿಲ್ಲ. ಅವರ ಆ 71 ಎಸೆತಗಳನ್ನು ಯಾರಾದರೂ ಬರೆದಿಟ್ಟುಕೊಂಡರೇ?

ಗುವಾಹಟಿಯ ಎರಡನೇ ಇನಿಂಗ್ಸ್‌ನಲ್ಲಿ ಸುದರ್ಶನ್ 139 ಎಸೆತ ಆಡಿ 14 ರನ್ ಗಳಿಸಿದರು. ತಂಡ 140ಕ್ಕೆ ಆಲೌಟ್, ಸೋಲು 408 ರನ್‌ಗಳಿಂದ. ಜಾಲತಾಣಗಳಲ್ಲಿ ಆ 14ನ್ನು ಹಿಡಿದು ಗೇಲಿ ಮಾಡಿದವರು ಬಹಳ. ಆ ಆಟದಲ್ಲಿ ಕೊರತೆ ಇದ್ದದ್ದು ನಿಜ: ಒಂದು ರನ್ ಕದ್ದು ತುದಿ ಬದಲಿಸುವುದು ಅವರಿಗೆ ಆಗಲಿಲ್ಲ, ಬೌಲರ್‌ಗಳ ಲೆಂತ್ ಕೆಡಿಸಲಾಗಲಿಲ್ಲ, ಎದುರು ತುದಿಯಲ್ಲಿ ವಿಕೆಟ್ ಬೀಳುತ್ತಲೇ ಇದ್ದವು. ಲಕ್ಷ್ಮಣ್ ಇಲ್ಲದ ದ್ರಾವಿಡ್ ಎಂದರೆ ಏನೆಂದು ಆ ಇನಿಂಗ್ಸ್ ತೋರಿಸಿತು. ಆದರೂ ಆ ಪಿಚ್‌ನಲ್ಲಿ ತಿರುಗುವ ಚೆಂಡಿನ ಮುಂದೆ ಇಪ್ಪತ್ತಮೂರು ಓವರ್‌ಗಳಷ್ಟು ಎಸೆತ ತಡೆದ ಕೈ ಅದು. ಕಲಿಸಬಹುದಾದ್ದು ರನ್ ತೆಗೆಯುವುದನ್ನು. ನಿಲ್ಲುವುದನ್ನು ಕಲಿಸುವುದು ಅದಕ್ಕಿಂತ ಕಷ್ಟ.

ದ್ರಾವಿಡ್‌ಗೂ ಕೆಟ್ಟ ಕಾಲ ಬಂದಿತ್ತು. ಲಾರ್ಡ್ಸ್‌ನ ಮೊದಲ ಟೆಸ್ಟ್‌ನಲ್ಲಿ ಹೊಡೆದ 95 ಅವರು ಏಳನೇ ಕ್ರಮಾಂಕದಲ್ಲಿ ಆಡಿದ್ದು, ಮೂರನೆಯವರಾಗಿ ಹುಟ್ಟಿದವರಲ್ಲ. 1999-2000ರ ಆಸ್ಟ್ರೇಲಿಯಾ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ಒಟ್ಟು ನೂರು ರನ್ ಕೂಡ ಬರಲಿಲ್ಲ. ಕೋಲ್ಕತ್ತದ ಆ 180ಕ್ಕೆ ಮೊದಲು ಅವರನ್ನು ಮೂರರಿಂದ ಆರಕ್ಕೆ ಇಳಿಸಿ, ಲಕ್ಷ್ಮಣ್‌ರನ್ನು ಮೇಲೆ ಕಳಿಸಲಾಗಿತ್ತು. ಆದರೆ ತಂಡದಿಂದ ಹೊರಗೆ ಕೂರಿಸಲಿಲ್ಲ. ಮೊದಲ ಟೆಸ್ಟ್‌ನಿಂದ ಸತತ 93 ಟೆಸ್ಟ್ ಆಡಿದರು. ಡೊನಾಲ್ಡ್, ಪೊಲಾಕ್ ಇದ್ದ ದಕ್ಷಿಣ ಆಫ್ರಿಕಾದ ವಿರುದ್ಧ ಜೊಹಾನೆಸ್‌ಬರ್ಗ್‌ನಲ್ಲಿ, 1997ರ ಜನವರಿಯಲ್ಲಿ, ಮೂರನೆಯವರಾಗಿ ಇಳಿದು ಹೊಡೆದ 148 ಅವರ ಮೊದಲ ಟೆಸ್ಟ್ ಶತಕ. ಅದು ಅವರ ಒಂಬತ್ತನೇ ಟೆಸ್ಟ್. ಗುವಾಹಟಿ ಮುಗಿದಾಗ ಸುದರ್ಶನ್ ಆಡಿದ್ದು ಆರು.